ಕ್ಯೂಎಂಎಲ್ ಮತ್ತು ಕ್ಯೂವಿಜೆಟ್ ಒಂದೇ ವಿಂಡೋದಲ್ಲಿ: ನಾಲ್ಕು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು?

ವರ್ಷಗಟ್ಟಲೆ ಬಳಕೆಯಲ್ಲಿರುವ ಒಂದು ಡೆಸ್ಕ್‌ಟಾಪ್ ಪ್ರೋಗ್ರಾಂ, ಕ್ಯೂಟಿ (Qt) ಎಂಬ ಸಿ++ ಫ್ರೇಮ್‌ವರ್ಕ್‌ನ ಹಳೆಯ ಶೈಲಿಯ ಘಟಕಗಳಾದ ಕ್ಯೂವಿಜೆಟ್‌ಗಳಿಂದ (QWidget) ಕಟ್ಟಿದ್ದು. ಅದರ ಹೊರಮೈಯನ್ನು ಕ್ಯೂಟಿಯದೇ ಹೊಸ ಯುಐ ಭಾಷೆಯಾದ ಕ್ಯೂಎಂಎಲ್‌ನಲ್ಲಿ (QML) ಹೊಸದಾಗಿ ಕಟ್ಟಬೇಕೆಂದು ತೀರ್ಮಾನವಾಗಿದೆ. ಬಟನ್, ಮೆನು, ಸೆಟ್ಟಿಂಗ್ಸ್ ಪುಟಗಳು ಸಲೀಸಾಗಿ ಮುಗಿಯುತ್ತವೆ. ಆಮೇಲೆ ಎದುರು ನಿಲ್ಲುವುದು ಆ ಒಂದು ವಿಜೆಟ್: ಸಾವಿರಾರು ಸಾಲು ಕೋಡ್ ಇರುವ ಗ್ರಾಫ್ ಎಡಿಟರ್, ಇಲ್ಲವೇ ಪ್ರತಿ ಕೋಶಕ್ಕೂ ತನ್ನದೇ ಡೆಲಿಗೇಟ್ (ಕೋಶವನ್ನು ತೋರಿಸುವ, ತಿದ್ದಿಸುವ ಕೋಡ್) ಬರೆದುಕೊಂಡ ಟೇಬಲ್. ಅದನ್ನು ಕೈಬಿಡಲಾಗದು, ಸದ್ಯಕ್ಕೆ ಮತ್ತೆ ಬರೆಯಲೂ ಆಗದು. ಹಾಗಾದರೆ ಇದ್ದ ಹಾಗೆಯೇ ತಂದು ಕ್ಯೂಎಂಎಲ್‌ನೊಳಗೆ ಕೂರಿಸಬಹುದೇ?

ಕೂರಿಸಬಹುದು. ಆದರೆ ‘ಈ ಜಾಗದಲ್ಲಿ ಈ ಕ್ಯೂವಿಜೆಟ್ ಇಡು’ ಎನ್ನುವ ನೇರ ಎಲಿಮೆಂಟ್ ಕ್ಯೂಎಂಎಲ್‌ನಲ್ಲಿ ಇಲ್ಲ. ಇರುವುದು ನಾಲ್ಕು ಸುತ್ತುದಾರಿ. ಕೂಡಿಸುವ ದಿಕ್ಕನ್ನೇ ತಿರುಗಿಸಿ, ವಿಜೆಟ್ ವಿಂಡೋದ ಒಳಗೆ ಕ್ಯೂಎಂಎಲ್ ಇಡುವುದು ಒಂದು. ವಿಜೆಟ್ಟಿನ ನೇಟಿವ್ ವಿಂಡೋವನ್ನೇ (ಆಪರೇಟಿಂಗ್ ಸಿಸ್ಟಂ ನೇರವಾಗಿ ನಿರ್ವಹಿಸುವ ವಿಂಡೋ) ಕ್ಯೂಎಂಎಲ್ ವಿಂಡೋದ ಮೇಲೆ ಅಂಟಿಸುವುದು ಇನ್ನೊಂದು. ವಿಜೆಟ್ಟನ್ನು ಚಿತ್ರವಾಗಿ ಬಿಡಿಸಿಕೊಂಡು, ಮೌಸ್ ಮತ್ತು ಕೀಬೋರ್ಡ್ ಈವೆಂಟ್‌ಗಳನ್ನು ಕೈಯಾರೆ ದಾಟಿಸುವುದು ಮೂರನೆಯದು. ವಿಜೆಟ್ಟನ್ನು ಬಿಟ್ಟು ಅದರ ಮಾಡೆಲ್ (ದತ್ತಾಂಶ ಒದಗಿಸುವ ಭಾಗ) ಮಾತ್ರ ಉಳಿಸಿಕೊಳ್ಳುವುದು ನಾಲ್ಕನೆಯದು.

ಆಯ್ಕೆಯನ್ನು ನಿರ್ಧರಿಸುವ ಪ್ರಶ್ನೆ ಒಂದೇ: ಆ ವಿಜೆಟ್ಟಿನ ಮೇಲೆ ಬೇರೇನಾದರೂ ಕಾಣಿಸಿಕೊಳ್ಳಬೇಕೇ? ಇಳಿಮೆನು, ಟೂಲ್‌ಟಿಪ್, ಬದಿಯಿಂದ ಜಾರಿ ಬರುವ ಡ್ರಾಯರ್, ಅರೆಪಾರದರ್ಶಕ ‘ಲೋಡ್ ಆಗುತ್ತಿದೆ’ ಪರದೆ, ದುಂಡು ಮೂಲೆ, ಮಸುಕಾಗುವ ಆನಿಮೇಷನ್, ಇವುಗಳಲ್ಲಿ ಯಾವುದೇ ಒಂದು ಬೇಕಿದ್ದರೂ ಎರಡನೆಯ ದಾರಿ ಕಷ್ಟವಾಗುತ್ತದೆ. ಬೇಗ ಮುಗಿಯುತ್ತದೆಂದು ಹೆಚ್ಚಿನವರು ಮೊದಲು ಹಿಡಿಯುವುದೂ ಅದನ್ನೇ. ಆದ್ದರಿಂದ ಕೋಡ್ ಮುಟ್ಟುವ ಮೊದಲು ವಿನ್ಯಾಸದ ಚಿತ್ರಗಳನ್ನು ಮುಂದಿಟ್ಟುಕೊಂಡು, ಆ ವಿಜೆಟ್ಟಿನ ಚೌಕದ ಮೇಲೆ ಏನೇನು ಬರುತ್ತದೆಂದು ಗುರುತು ಹಾಕಿ.

ಇವೆರಡೂ ಯಾಕೆ ತಾವಾಗಿ ಬೆರೆಯುವುದಿಲ್ಲ

ಕ್ಯೂವಿಜೆಟ್ ತನ್ನನ್ನು ಕ್ಯೂಪೇಂಟರ್ ಎಂಬ ಚಿತ್ರ ಬಿಡಿಸುವ ಕ್ಲಾಸಿನ ಮೂಲಕ ಬಿಡಿಸಿಕೊಳ್ಳುತ್ತದೆ. ಒಂದು ಮೇಲ್ಮಟ್ಟದ ವಿಂಡೋದೊಳಗಿನ ಎಲ್ಲ ವಿಜೆಟ್‌ಗಳೂ ಒಂದೇ ಬ್ಯಾಕಿಂಗ್ ಸ್ಟೋರ್ (ಮೆಮೊರಿಯಲ್ಲಿರುವ ಚಿತ್ರ) ಮೇಲೆ, ಸಾಮಾನ್ಯವಾಗಿ ಸಿಪಿಯು ಕೆಲಸದಿಂದ, ಮೂಡುತ್ತವೆ. ಕ್ಯೂಎಂಎಲ್ ದೃಶ್ಯಗಳನ್ನು ಬಿಡಿಸುವ ಲೈಬ್ರರಿಯಾದ ಕ್ಯೂಟಿ ಕ್ವಿಕ್‌ನ ರೀತಿ ಬೇರೆ. ಅದು ಸೀನ್ ಗ್ರಾಫ್ ಎಂಬ ನೋಡ್‌ಗಳ ಮರ ಕಟ್ಟಿ ಜಿಪಿಯುವಿಗೆ ಒಪ್ಪಿಸುತ್ತದೆ. ಕ್ಯೂಟಿ 6ರಲ್ಲಿ ವಿಂಡೋಸ್ ಮೇಲೆ ಡೈರೆಕ್ಟ್3ಡಿ 11, ಮ್ಯಾಕ್ ಮೇಲೆ ಮೆಟಲ್, ಲಿನಕ್ಸ್ ಮೇಲೆ ಓಪನ್‌ಜಿಎಲ್ ಪೂರ್ವನಿಯೋಜಿತ. ಒಂದು ಬಿಡಿಸುವುದು ಮೆಮೊರಿಯಲ್ಲಿರುವ ಚಿತ್ರದ ಮೇಲೆ, ಇನ್ನೊಂದು ಗ್ರಾಫಿಕ್ಸ್ ಕಾರ್ಡಿನ ಟೆಕ್ಸ್‌ಚರ್ ಮೇಲೆ. ನಡುವೆ ಯಾರಾದರೂ ಪಿಕ್ಸೆಲ್‌ಗಳನ್ನು ಹೊತ್ತು ಹಾಕಬೇಕು, ಇಲ್ಲವೇ ಪರದೆಯ ಜಾಗವನ್ನು ಪಾಲು ಮಾಡಿಕೊಡಬೇಕು.

ಇಲ್ಲಿ ಹಳೆಯ ಪಾಠಗಳ ಬಗ್ಗೆ ಒಂದು ಎಚ್ಚರಿಕೆ. 2010ರ ಕ್ಯೂಟಿ 4.7ರಲ್ಲಿ ಬಂದ ಮೊದಲ ಕ್ಯೂಎಂಎಲ್, ಗ್ರಾಫಿಕ್ಸ್ ವ್ಯೂ ಎಂಬ ಹಳೆಯ ಚಿತ್ರವ್ಯವಸ್ಥೆಯ ಮೇಲೆ ನಿಂತಿತ್ತು. ಆಗ ಕ್ಯೂಗ್ರಾಫಿಕ್ಸ್‌ಪ್ರಾಕ್ಸಿವಿಜೆಟ್ ಬಳಸಿ ಯಾವ ವಿಜೆಟ್ಟನ್ನಾದರೂ ಸುಲಭವಾಗಿ ಒಳಗೆ ತರಬಹುದಿತ್ತು. 2012ರ ಡಿಸೆಂಬರ್‌ನಲ್ಲಿ ಕ್ಯೂಟಿ 5.0 ಜೊತೆ ಸೀನ್ ಗ್ರಾಫ್ ಬಂದ ಮೇಲೆ ಆ ಬಾಗಿಲು ಮುಚ್ಚಿತು. ಪ್ರಾಕ್ಸಿವಿಜೆಟ್ಟನ್ನು ಕ್ಯೂಎಂಎಲ್‌ಗೆ ರಿಜಿಸ್ಟರ್ ಮಾಡಿ ಎನ್ನುವ ಬರಹ ಕಂಡರೆ ಅದು ಕ್ಯೂಟಿ ಕ್ವಿಕ್ 1ರ ಕಾಲದ್ದು. ಇಂದು ಅದರಲ್ಲಿ ಸಮಯ ಕಳೆಯಬೇಡಿ.

ದಿಕ್ಕು ತಿರುಗಿಸುವುದು: ವಿಜೆಟ್ ಹೊರಗೆ, ಕ್ಯೂಎಂಎಲ್ ಒಳಗೆ

ನಾವು ಮೊದಲು ಸೂಚಿಸುವುದು ಇದನ್ನೇ. ಹೊರಗಿನ ಕ್ಯೂಮೇನ್‌ವಿಂಡೋ, ಡಾಕ್‌ಗಳು, ಹಳೆಯ ಎಡಿಟರ್ ಎಲ್ಲವೂ ಇದ್ದಲ್ಲೇ ಇರಲಿ. ಹೊಸದಾಗಿ ಬರೆಯುವ ಫಲಕಗಳನ್ನು ಮಾತ್ರ ಕ್ಯೂಎಂಎಲ್‌ನಲ್ಲಿ ಬರೆದು ಒಂದೊಂದಾಗಿ ಒಳಗೆ ತನ್ನಿ. ಹೊರಚೌಕಟ್ಟನ್ನು ಕ್ಯೂಎಂಎಲ್‌ಗೆ ಬದಲಿಸುವುದು ಎಲ್ಲ ಮುಗಿದ ಮೇಲಿನ ಕೆಲಸ. ಅಷ್ಟು ಹೊತ್ತಿಗೆ ಒಳಗೆ ಕೂರಿಸಬೇಕಾದ ಹಳೆಯ ವಿಜೆಟ್ ಉಳಿದೇ ಇರದಿರುವುದೂ ಉಂಟು.

ಇದಕ್ಕೆ ಎರಡು ಸಾಧನಗಳಿವೆ. 2014ರ ಕ್ಯೂಟಿ 5.3ರಲ್ಲಿ ಬಂದ ಕ್ಯೂಕ್ವಿಕ್‌ವಿಜೆಟ್, ಕ್ಯೂಎಂಎಲ್ ದೃಶ್ಯವನ್ನು ಮೊದಲು ಟೆಕ್ಸ್‌ಚರ್‌ನಲ್ಲಿ ಬಿಡಿಸಿ, ಆಮೇಲೆ ಉಳಿದ ವಿಜೆಟ್‌ಗಳ ಜೊತೆ ಬೆರೆಸುತ್ತದೆ. ಹಾಗಾಗಿ ಅದು ನಿಜವಾದ ವಿಜೆಟ್ಟಿನಂತೆಯೇ ನಡೆದುಕೊಳ್ಳುತ್ತದೆ. ಅದರ ಮೇಲೆ ಇನ್ನೊಂದು ವಿಜೆಟ್ ಕೂರುತ್ತದೆ, ಲೇಔಟ್, ಸ್ಪ್ಲಿಟರ್, ಟ್ಯಾಬ್‌ಗಳಲ್ಲಿ ಹೊಂದಿಕೊಳ್ಳುತ್ತದೆ. ಇನ್ನೊಂದು, ಅದಕ್ಕೂ ಒಂದು ವರ್ಷ ಮೊದಲು 5.1ರಲ್ಲಿ ಬಂದ ಕ್ರಿಯೇಟ್‌ವಿಂಡೋಕಂಟೇನರ್ ಎಂಬ ಫಂಕ್ಷನ್. ಅದಕ್ಕೆ ಕ್ಯೂಎಂಎಲ್ ತೋರಿಸುವ ಕ್ಯೂಕ್ವಿಕ್‌ವ್ಯೂ ವಿಂಡೋ ಕೊಟ್ಟರೆ ಅದರ ನೇಟಿವ್ ವಿಂಡೋವನ್ನೇ ವಿಜೆಟ್ ಮರದೊಳಗೆ ಸಿಕ್ಕಿಸುತ್ತದೆ.

ಕ್ಯೂಕ್ವಿಕ್‌ವಿಜೆಟ್ ತೆಗೆದುಕೊಂಡರೆ ಕೊಡಬೇಕಾದ ಬೆಲೆ ವೇಗದಲ್ಲಿ. ಪ್ರತಿ ಫ್ರೇಮಿಗೂ ಒಂದು ಸುತ್ತು ಹೆಚ್ಚು ಬಿಡಿಸುವ ಕೆಲಸ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೇರೆ ಥ್ರೆಡ್ಡಿನಲ್ಲಿ ಬಿಡಿಸುವ ವ್ಯವಸ್ಥೆ ಇದರಲ್ಲಿ ಇಲ್ಲ. ಒಪಾಸಿಟಿಆನಿಮೇಟರ್‌ನಂಥ ಆನಿಮೇಟರ್ ಜಾತಿಯ ಎಲಿಮೆಂಟ್‌ಗಳಿಂದ ಸಿಗಬೇಕಾದ ಲಾಭ ಸಿಗುವುದಿಲ್ಲ. ಮುಖ್ಯ ಥ್ರೆಡ್ಡಿನಲ್ಲಿ ಭಾರದ ಕೆಲಸ ನಡೆದರೆ ಆನಿಮೇಷನ್ ಅಲ್ಲೇ ತಡವರಿಸುತ್ತದೆ. ಫಾರ್ಮು, ಪಟ್ಟಿ, ಡ್ಯಾಶ್‌ಬೋರ್ಡ್‌ಗಳಿಗೆ ಇದು ಗಮನಕ್ಕೇ ಬರುವುದಿಲ್ಲ. ಇಡೀ ಪರದೆ ತುಂಬುವ ವಿಡಿಯೋ ಅಥವಾ 3ಡಿ ದೃಶ್ಯ ಇದ್ದಾಗ ಮಾತ್ರ ವಿಂಡೋ ಕಂಟೇನರ್ ಕಡೆ ಹೋಗಿ, ಅದರ ಮೇಲೆ ಇನ್ನಾವ ವಿಜೆಟ್ಟೂ ಕೂರದು ಎಂಬುದನ್ನು ಒಪ್ಪಿಕೊಂಡು.

ಹಂತಗಳು ಕಡಿಮೆ. ಕ್ಯೂಎಂಎಲ್ ಕೋಡನ್ನು ಓದಿ ನಡೆಸುವ ಕ್ಯೂಕ್ಯೂಎಂಎಲ್‌ಎಂಜಿನ್ ಒಂದೇ ಒಂದು ಮಾಡಿಕೊಂಡು, ಪ್ರತಿ ಕ್ಯೂಕ್ವಿಕ್‌ವಿಜೆಟ್ಟಿನ ಕನ್‌ಸ್ಟ್ರಕ್ಟರ್‌ಗೂ ಅದನ್ನೇ ಕೊಡಿ. ರಿಸೈಜ್ ಮೋಡ್ ಅನ್ನು ಸೈಜ್‌ರೂಟ್‌ಆಬ್ಜೆಕ್ಟ್‌ಟುವ್ಯೂ ಎಂದು ಇಡಿ. ನಂತರ ಸೆಟ್‌ಸೋರ್ಸ್ ಕರೆದು, ಸ್ಟೇಟಸ್‌ಚೇಂಜ್ಡ್ ಸಿಗ್ನಲ್ ಕೇಳಿಸಿಕೊಂಡು, ತಪ್ಪಿದ್ದರೆ ಎರರ್ಸ್ ಪಟ್ಟಿಯನ್ನು ಲಾಗ್‌ಗೆ ಬರೆಯಿರಿ. ಇದನ್ನು ಬಿಟ್ಟರೆ ಒಂದು ಕಾಗುಣಿತ ತಪ್ಪಿಗೂ ಖಾಲಿ ಬಿಳಿ ಚೌಕ ಮಾತ್ರ ಕಾಣುತ್ತದೆ.

ಎಂಜಿನ್ ಹಂಚಿಕೊಳ್ಳುವುದು ಮೆಮೊರಿ ಉಳಿಸಲಿಕ್ಕಷ್ಟೇ ಅಲ್ಲ. ಕ್ಯೂಎಂಎಲ್‌ನ ಸಿಂಗಲ್‌ಟನ್ (ಎಲ್ಲೆಡೆ ಹಂಚಿಕೊಳ್ಳಲೆಂದು ಇಡುವ ಒಂಟಿ ಆಬ್ಜೆಕ್ಟ್) ಎಂಜಿನ್ನಿಗೊಂದರಂತೆ ಹುಟ್ಟುತ್ತದೆ. ಎಂಜಿನ್ ಕೊಡದೆ ಹೋದರೆ ಪ್ರತಿ ಕ್ಯೂಕ್ವಿಕ್‌ವಿಜೆಟ್ ತನ್ನದೇ ಎಂಜಿನ್ ಮಾಡಿಕೊಳ್ಳುತ್ತದೆ. ಆಗ ಎಡಗಡೆಯ ಫಲಕದಲ್ಲಿ ಥೀಮ್ ಕಪ್ಪಾದರೂ ಬಲಗಡೆಯದು ಬಿಳಿಯಾಗಿಯೇ ಉಳಿಯುತ್ತದೆ, ಏಕೆಂದರೆ ಅಲ್ಲಿ ಇರುವುದು ಬೇರೆಯದೇ ಥೀಮ್ ಆಬ್ಜೆಕ್ಟ್. ಕೋಡ್ ಓದಿದರೆ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ತೊಡಕು ಪಾಪ್‌ಅಪ್‌ಗಳದ್ದು. ಟೂಲ್‌ಬಾರ್ ಜಾಗದಲ್ಲಿ 60 ಪಿಕ್ಸೆಲ್ ಎತ್ತರದ ಒಂದು ಕ್ಯೂಕ್ವಿಕ್‌ವಿಜೆಟ್ ಇಟ್ಟು, ಅದರೊಳಗೆ ಕಾಂಬೊಬಾಕ್ಸ್ ಹಾಕಿದಿರಿ ಎನ್ನಿ. ಕ್ಲಿಕ್ ಮಾಡಿದರೆ ಪಟ್ಟಿ ಬಿಚ್ಚಿಕೊಳ್ಳಬೇಕು, ಆದರೆ ಅದಕ್ಕೆ ಸಿಗುವುದು ಆ 60 ಪಿಕ್ಸೆಲ್ಲಿನ ಪಟ್ಟೆ ಮಾತ್ರ. ಕ್ಯೂಟಿ ಕ್ವಿಕ್ ಕಂಟ್ರೋಲ್ಸ್‌ನ ಪಾಪ್‌ಅಪ್ ತನ್ನ ದೃಶ್ಯದೊಳಗಿನ ಒಂದು ಐಟಂ, ದೃಶ್ಯದ ಗಡಿ ದಾಟಿ ಹೋಗದು. ಕ್ಯೂಟಿ 6.8ರಿಂದ ಪಾಪ್‌ಅಪ್‌ಟೈಪ್ ಎಂಬ ಗುಣ ಇದೆ. ಅದಕ್ಕೆ ಪಾಪ್‌ಅಪ್.ವಿಂಡೋ ಎಂದು ಕೊಟ್ಟರೆ ಪಟ್ಟಿ ತನ್ನದೇ ವಿಂಡೋದಲ್ಲಿ ತೆರೆಯುತ್ತದೆ. ಅದಕ್ಕಿಂತ ಹಳೆಯ ಆವೃತ್ತಿಯಲ್ಲಿದ್ದರೆ, ಅಂಥ ಸಣ್ಣ ಪಟ್ಟೆಗಳಲ್ಲಿ ಮೆನುವನ್ನು ಸಿ++ ಕಡೆಯ ಕ್ಯೂಮೆನುವಿನಿಂದಲೇ ತೆರೆಯುವುದು ಒಳ್ಳೆಯದು.

ಕ್ಯೂಕ್ವಿಕ್‌ವಿಜೆಟ್ ಮೇಲೆ, ವಿಂಡೋದ ಗುರುತುಸಂಖ್ಯೆ ಕೇಳುವ ವಿನ್‌ಐಡಿ ಫಂಕ್ಷನ್ ಕರೆಯಬೇಡಿ. ಅದು ನೇಟಿವ್ ವಿಂಡೋ ಹುಟ್ಟಿಸುತ್ತದೆ, ವೇಗ ಇಳಿಯುತ್ತದೆ, ಕೆಲವೊಮ್ಮೆ ಚಿತ್ರವೂ ಕೆಡುತ್ತದೆ. ಅದೇ ವಿಂಡೋದಲ್ಲಿ ಹಳೆಯ ಕ್ಯೂಓಪನ್‌ಜಿಎಲ್‌ವಿಜೆಟ್ ಕೂಡ ಇದ್ದರೆ, ಒಂದು ಮೇಲ್ಮಟ್ಟದ ವಿಂಡೋಗೆ ಒಂದೇ ಗ್ರಾಫಿಕ್ಸ್ ಎಪಿಐ ಎಂಬ ನಿಯಮ ಅಡ್ಡ ಬರುತ್ತದೆ. ವಿಂಡೋಸ್‌ನಲ್ಲಿ ಕ್ಯೂಎಂಎಲ್ ಡೈರೆಕ್ಟ್3ಡಿ ಹಿಡಿದರೆ ಪಕ್ಕದ ಓಪನ್‌ಜಿಎಲ್ ವಿಜೆಟ್ ಅದರ ಜೊತೆ ಬೆರೆಯಲಾರದು. ಮೊದಲ ವಿಂಡೋ ಹುಟ್ಟುವ ಮುನ್ನವೇ, ಮೇನ್ ಫಂಕ್ಷನ್ನಿನಲ್ಲಿ, ಕ್ಯೂಕ್ವಿಕ್‌ವಿಂಡೋದ ಸೆಟ್‌ಗ್ರಾಫಿಕ್ಸ್‌ಎಪಿಐ ಕರೆದು ಓಪನ್‌ಜಿಎಲ್ ಎಂದು ಗೊತ್ತುಪಡಿಸಿ.

ನೇಟಿವ್ ವಿಂಡೋ ಅಂಟಿಸುವುದು: ವಿಂಡೋಕಂಟೇನರ್

ಹೊರಚೌಕಟ್ಟು ಕ್ಯೂಎಂಎಲ್‌ನಲ್ಲಿ ಈಗಾಗಲೇ ಬಂದಾಗಿದೆ, ಹಿಂದಕ್ಕೆ ಹೋಗುವಂತಿಲ್ಲ ಎಂದಿದ್ದರೆ 6.8ರಲ್ಲಿ ಬಂದ ವಿಂಡೋಕಂಟೇನರ್ ಎಂಬ ಕ್ಯೂಎಂಎಲ್ ಎಲಿಮೆಂಟ್ ಕೈಹಿಡಿಯುತ್ತದೆ. ಹೆಸರು ಹಿಂದಿನದರಂತಿದ್ದರೂ ದಿಕ್ಕು ಉಲ್ಟಾ: ಯಾವುದೇ ಕ್ಯೂವಿಂಡೋವನ್ನು ಕ್ಯೂಎಂಎಲ್ ದೃಶ್ಯದಲ್ಲಿ ಕೂರಿಸಿ, ಅದರ ಜಾಗ, ಅಳತೆಗಳನ್ನು ತಾನೇ ನೋಡಿಕೊಳ್ಳುತ್ತದೆ.

ಮೊದಲು ಕ್ಯೂಗುಯಿಅಪ್ಲಿಕೇಶನ್ ಇದ್ದಲ್ಲಿ ಕ್ಯೂಅಪ್ಲಿಕೇಶನ್ ಬರೆಯಿರಿ, ಸಿಮೇಕ್‌ನಲ್ಲಿ ವಿಜೆಟ್ಸ್ ಮಾಡ್ಯೂಲ್ ಸೇರಿಸಿ. ಮರೆತರೆ ಕ್ಯೂಅಪ್ಲಿಕೇಶನ್ ಇಲ್ಲದೆ ಕ್ಯೂವಿಜೆಟ್ ಹುಟ್ಟಿಸಲಾಗದು ಎಂಬ ಸಂದೇಶ ಕೊಟ್ಟು ಪ್ರೋಗ್ರಾಂ ನಿಂತುಬಿಡುತ್ತದೆ. ವಿಜೆಟ್ಟನ್ನು ಪೇರೆಂಟ್ ಇಲ್ಲದೆ ಮಾಡಿ. ಅದರ ಮೇಲೆ ಒಮ್ಮೆ ವಿನ್‌ಐಡಿ ಕರೆಯಿರಿ, ಇಲ್ಲಿ ಅದು ಬೇಕೇ ಬೇಕು. ಅದಕ್ಕೂ ಮೊದಲು ವಿಂಡೋಹ್ಯಾಂಡಲ್ ಕೇಳಿದರೆ ನಲ್ ಸಿಗುತ್ತದೆ. ಆಮೇಲೆ ವಿಂಡೋಹ್ಯಾಂಡಲ್‌ನಿಂದ ಸಿಕ್ಕ ಕ್ಯೂವಿಂಡೋವನ್ನು ಕ್ಯೂಎಂಎಲ್‌ಗೆ ಪ್ರಾಪರ್ಟಿಯಾಗಿ ಒಡ್ಡಿ, ಕಂಟೇನರಿನ ವಿಂಡೋ ಗುಣಕ್ಕೆ ಕಟ್ಟಿ. ವಿಜೆಟ್ ಮೇಲೆ ಶೋ ಮಾತ್ರ ನೀವಾಗಿ ಕರೆಯಬೇಡಿ, ಕರೆದರೆ ಅದು ಮೊದಲು ಬೇರೆ ವಿಂಡೋ ಆಗಿ ಪರದೆಯ ಮೇಲೆ ಮಿಂಚಿ, ಆಮೇಲೆ ಒಳಗೆ ಹಾರುತ್ತದೆ.

ಪ್ರಾಪರ್ಟಿಯಾಗಿ ಒಡ್ಡಿ ಎಂದದ್ದಕ್ಕೆ ಕಾರಣವಿದೆ. ಅದೇ ಕ್ಯೂವಿಂಡೋವನ್ನು ಕ್ಯೂಎಂಎಲ್‌ನಿಂದ ಕರೆಯುವ ಇನ್ವೋಕಬಲ್ ಫಂಕ್ಷನ್ ಹಿಂದಿರುಗಿಸಿದರೆ, ಮತ್ತು ಆ ಆಬ್ಜೆಕ್ಟಿಗೆ ಪೇರೆಂಟ್ ಇಲ್ಲದಿದ್ದರೆ, ಅದರ ಒಡೆತನ ಜಾವಾಸ್ಕ್ರಿಪ್ಟ್ ಎಂಜಿನ್ನಿನ ಕೈಗೆ ಹೋಗುತ್ತದೆ. ಬಳಕೆಯಲ್ಲಿಲ್ಲದ ಆಬ್ಜೆಕ್ಟುಗಳನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್ ಯಾವಾಗಲೋ ಒಮ್ಮೆ ಬಂದು ಅದನ್ನು ಅಳಿಸಬಹುದು. ಪ್ರೋಗ್ರಾಂ ಶುರುವಾದಾಗ ಚೆನ್ನಾಗಿರುತ್ತದೆ, ಡೆಮೋದಲ್ಲೂ ಚೆನ್ನಾಗಿರುತ್ತದೆ, ಬಳಕೆದಾರ ಹತ್ತಾರು ನಿಮಿಷ ಕೆಲಸ ಮಾಡಿದ ಮೇಲೆ ಸುಳಿವೇ ಇಲ್ಲದೆ ಕ್ರ್ಯಾಶ್ ಆಗುತ್ತದೆ. ಫಂಕ್ಷನ್ನೇ ಬೇಕಿದ್ದರೆ ಸೆಟ್‌ಆಬ್ಜೆಕ್ಟ್‌ಓನರ್‌ಶಿಪ್ ಕರೆದು ಒಡೆತನ ಸಿ++ ಕಡೆಯೇ ಎಂದು ಮೊದಲೇ ಹೇಳಿಬಿಡಿ. ಮುಚ್ಚುವಾಗಲೂ ಕ್ರಮ ಕಾಯಿರಿ: ಕಂಟೇನರಿನ ವಿಂಡೋ ಗುಣವನ್ನು ನಲ್ ಮಾಡಿ, ನಂತರ ವಿಜೆಟ್ ಅಳಿಸಿ, ಕೊನೆಗೆ ಎಂಜಿನ್.

ಅಳತೆಯ ವಿಷಯದಲ್ಲಿ ಕಂಟೇನರನ್ನು ನೆಚ್ಚಿಕೊಳ್ಳಬೇಡಿ. ವಿಜೆಟ್ ತನಗೆ ಬೇಕೆಂದು ಹೇಳುವ ಅಳತೆ, ಅಂದರೆ ಸೈಜ್‌ಹಿಂಟ್, ಕ್ಯೂಎಂಎಲ್ ಲೇಔಟ್‌ಗೆ ತಲುಪುವುದಿಲ್ಲ. ಅಗಲ, ಎತ್ತರಗಳನ್ನು ನೀವೇ ಕೊಡಬೇಕು, ಇಲ್ಲದಿದ್ದರೆ ಲೇಔಟ್‌ನೊಳಗೆ ವಿಜೆಟ್ ಸೊನ್ನೆ ಅಳತೆಗೆ ಕುಗ್ಗಿ ಕಾಣಿಸದೇ ಹೋಗಬಹುದು.

ಇನ್ನು ಮೇಲೆ ಕೇಳಿದ ಆ ಪ್ರಶ್ನೆ. ವಿಂಡೋಕಂಟೇನರಿನ ಮೇಲೆ ಯಾವ ಕ್ಯೂಎಂಎಲ್ ಐಟಂ ಕೂಡ ಬರುವುದಿಲ್ಲ. ಝಡ್ ಮೌಲ್ಯ ಸಾವಿರ ಕೊಟ್ಟರೂ ಅಷ್ಟೇ, ಕಂಟೇನರಿನ ಮಕ್ಕಳಾದ ಐಟಂಗಳಿಗೂ ಅಷ್ಟೇ. ನೇಟಿವ್ ವಿಂಡೋವನ್ನು ಆಪರೇಟಿಂಗ್ ಸಿಸ್ಟಂ ಇಡೀ ದೃಶ್ಯದ ಮೇಲೆ ಇಡುತ್ತದೆ, ದೃಶ್ಯದೊಳಗಿನ ಮೇಲೆ-ಕೆಳಗೆ ಅದಕ್ಕೆ ಗೊತ್ತಿಲ್ಲ. ತಿರುಗಿಸುವಿಕೆಯಂಥ ರೂಪಾಂತರಗಳೂ ಒಳಗಿನ ಚಿತ್ರಕ್ಕೆ ತಾಕುವುದಿಲ್ಲ. ದಾರಿ ಏನೆಂದರೆ, ಮೇಲೆ ಬರಬೇಕಾದುದೂ ವಿಂಡೋ ಆಗಬೇಕು. ಮೆನು, ಟೂಲ್‌ಟಿಪ್, ಕಾಂಬೊಬಾಕ್ಸಿನ ಪಟ್ಟಿಗಳಿಗೆ ಪಾಪ್‌ಅಪ್‌ಟೈಪ್ ಅನ್ನು ವಿಂಡೋ ಎಂದು ಇಡಿ. ಪಾಪ್‌ಅಪ್‌ಟೈಪ್ ಬಂದದ್ದೂ ಇದೇ 6.8ರಲ್ಲಿ, ಎರಡನ್ನೂ ಒಟ್ಟಿಗೆ ಬಳಸಿದರೆ ಮಾತ್ರ ಕೆಲಸ ಹಗುರ. ಅರೆಪಾರದರ್ಶಕ ಮುಸುಕು ಬೇಕಾದರೆ ಅದನ್ನೂ ಮಗು ವಿಂಡೋ ಮಾಡಬೇಕಾಗುತ್ತದೆ. ಇಂಥ ಮುಸುಕು ಮೂರಕ್ಕಿಂತ ಹೆಚ್ಚು ಕಡೆ ಬೇಕಾಗುತ್ತಿದೆ ಎಂದಾದರೆ ಈ ದಾರಿಯೇ ನಿಮ್ಮದಲ್ಲ.

ಫೋಕಸ್ ಕೂಡ ಎರಡು ಪಾಲಾಗುತ್ತದೆ. ಟ್ಯಾಬ್ ಕೀ ಒತ್ತುತ್ತ ಹೋದರೆ ವಿಜೆಟ್ಟಿನೊಳಗೇ ಸುತ್ತಬಹುದು, ಹೊರಗಿನ ಕ್ಯೂಎಂಎಲ್ ಬಟನ್‌ಗೆ ಮರಳದೇ ಇರಬಹುದು. ಅಂಚಿನ ವಿಜೆಟ್‌ಗಳಲ್ಲಿ ಫೋಕಸ್‌ನೆಕ್ಸ್ಟ್‌ಪ್ರೆವ್‌ಚೈಲ್ಡ್ ಫಂಕ್ಷನ್ ಹಿಡಿದು, ಫೋಕಸ್ಸನ್ನು ಕ್ಯೂಎಂಎಲ್ ಕಡೆಗೆ ನೀವೇ ಕಳಿಸಬೇಕು. ಕ್ಯೂಎಂಎಲ್‌ನ ಶಾರ್ಟ್‌ಕಟ್‌ಗಳು ಪೂರ್ವನಿಯೋಜಿತವಾಗಿ ತಮ್ಮ ವಿಂಡೋ ಮಟ್ಟದಲ್ಲಿ ಕೇಳಿಸಿಕೊಳ್ಳುತ್ತವೆ. ಫೋಕಸ್ ಒಳಗಿನ ವಿಂಡೋಗೆ ಹೋದಾಗ ‘ಸೇವ್’ ಶಾರ್ಟ್‌ಕಟ್ ಮೌನವಾದರೆ ಅದರ ಕಾಂಟೆಕ್ಸ್ಟ್ ಅನ್ನು ಅಪ್ಲಿಕೇಶನ್‌ಶಾರ್ಟ್‌ಕಟ್ ಎಂದು ಬದಲಿಸಿ.

6.8ಕ್ಕಿಂತ ಹಿಂದಿನ ಆವೃತ್ತಿಯಲ್ಲಿ ಇದನ್ನೇ ಕೈಯಾರೆ ಮಾಡಬಹುದು: ವಿಂಡೋಹ್ಯಾಂಡಲ್‌ನ ಪೇರೆಂಟ್ ಅನ್ನು ಕ್ಯೂಕ್ವಿಕ್‌ವಿಂಡೋಗೆ ಬದಲಿಸಿ, ಒಂದು ಖಾಲಿ ಐಟಂ ಎಲ್ಲಿದೆಯೋ ಅಲ್ಲಿಗೆ ವಿಂಡೋವನ್ನು ಸರಿಸುತ್ತ ಇರುವುದು. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಐಟಂನ ಎಕ್ಸ್, ವೈ ಬದಲಾದಾಗ ಮಾತ್ರ ಸರಿಸಿದರೆ ಸಾಲದು. ಅದರ ಅಜ್ಜ ಐಟಂ ಸರಿದಾಗ, ಅಥವಾ ಫ್ಲಿಕಬಲ್ ಸ್ಕ್ರಾಲ್ ಆದಾಗ, ಐಟಂನ ಎಕ್ಸ್, ವೈ ಬದಲಾಗುವುದೇ ಇಲ್ಲ, ಪರದೆಯ ಮೇಲಿನ ಜಾಗ ಮಾತ್ರ ಬದಲಾಗುತ್ತದೆ. ವಿಜೆಟ್ ಹಿಂದೆಯೇ ಉಳಿಯುತ್ತದೆ. ಕ್ಯೂಕ್ವಿಕ್‌ವಿಂಡೋದ ಆಫ್ಟರ್‌ಆನಿಮೇಟಿಂಗ್ ಸಿಗ್ನಲ್ ಮುಖ್ಯ ಥ್ರೆಡ್ಡಿನಲ್ಲಿ, ಪ್ರತಿ ಫ್ರೇಮಿನ ಹೊಂದಾಣಿಕೆಗೆ ಮುನ್ನ ಬರುತ್ತದೆ. ಅದಕ್ಕೆ ಕಟ್ಟಿ, ಮ್ಯಾಪ್‌ರೆಕ್ಟ್‌ಟುಸೀನ್‌ನಿಂದ ಜಾಗ ಲೆಕ್ಕ ಹಾಕಿ, ಬದಲಾಗಿದ್ದರೆ ಮಾತ್ರ ಸೆಟ್‌ಜ್ಯಾಮಿಟ್ರಿ ಕರೆಯಿರಿ.

ಚಿತ್ರ ಬಿಡಿಸಿ ಈವೆಂಟ್ ದಾಟಿಸುವುದು

ಕ್ಯೂಪೇಂಟರ್‌ನಿಂದ ಬಿಡಿಸಬಹುದಾದ ಕ್ಯೂಎಂಎಲ್ ಐಟಂ, ಅಂದರೆ ಕ್ಯೂಕ್ವಿಕ್‌ಪೇಂಟೆಡ್‌ಐಟಂ ಒಂದನ್ನು ಬರೆದು, ಅದರೊಳಗೆ ಮರೆಯಲ್ಲಿ ವಿಜೆಟ್ ಇಟ್ಟು, ಅದರ ಚಿತ್ರವನ್ನು ದೃಶ್ಯದಲ್ಲಿ ತೋರಿಸುವ ವಿಧಾನ ಇದು. ದೃಶ್ಯದ ಲೆಕ್ಕದಲ್ಲಿ ಇದು ಉಳಿದ ಐಟಂಗಳಂತೆಯೇ. ಮೇಲೆ ಮೆನು ಬರುತ್ತದೆ, ಮಸುಕಾಗುತ್ತದೆ, ತಿರುಗುತ್ತದೆ, ಮೂಲೆ ದುಂಡಾಗುತ್ತದೆ. ಕಣ್ಣಿಗೆ ಎಲ್ಲಕ್ಕಿಂತ ಚೆಂದ, ಬರೆಯುವವರಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸ.

ಆ ವಿಜೆಟ್ ಬರೀ ತೋರಿಸುವುದಕ್ಕಿದ್ದರೆ, ಅಂದರೆ ಮಾಪಕ, ಅಲೆಯ ಗ್ರಾಫ್‌ನಂಥದ್ದಾದರೆ, ಇಷ್ಟೆಲ್ಲ ಬೇಡ. ಪೇಂಟ್‌ಈವೆಂಟ್ ಒಳಗಿರುವ ಕೋಡನ್ನು ಕ್ಯೂಪೇಂಟರ್ ಮತ್ತು ಒಂದು ಚೌಕ ತೆಗೆದುಕೊಳ್ಳುವ ಬೇರೆ ಕ್ಲಾಸಿಗೆ ಸಾಗಿಸಿ. ಹಳೆಯ ವಿಜೆಟ್ ಅದನ್ನು ಪೇಂಟ್‌ಈವೆಂಟ್‌ನಿಂದ ಕರೆಯಲಿ, ಹೊಸ ಐಟಂ ಪೇಂಟ್ ಫಂಕ್ಷನ್ನಿನಿಂದ ಕರೆಯಲಿ. ವಿಜೆಟ್ಟೇ ಇಲ್ಲದೆ ಕೆಲಸ ಮುಗಿಯಿತು. ಅರ್ಧ ದಿನದ ಈ ಕೆಲಸವನ್ನು ಬಿಟ್ಟು ವಿಜೆಟ್ ಮರೆಮಾಡುವ ಕಸರತ್ತಿಗೆ ಇಳಿಯಬೇಡಿ.

ಬಳಕೆದಾರ ಮುಟ್ಟುವ, ಟೈಪ್ ಮಾಡುವ ವಿಜೆಟ್ಟಾದರೆ ಹೀಗೆ: ಫ್ರೇಮ್‌ಲೆಸ್ ಫ್ಲ್ಯಾಗ್ ಕೊಟ್ಟು, ಡೋಂಟ್‌ಶೋಆನ್‌ಸ್ಕ್ರೀನ್ ಆಟ್ರಿಬ್ಯೂಟ್ ಹಚ್ಚಿ, ಆಮೇಲೆ ಶೋ ಕರೆಯಿರಿ. ಪರದೆಗೆ ಬಾರದೆಯೇ ಲೇಔಟ್ ಎಲ್ಲ ಸರಿಯಾಗಿ ನಡೆಯುತ್ತದೆ. ಈವೆಂಟ್ ಫಿಲ್ಟರ್ ಹಾಕಿ ಅಪ್‌ಡೇಟ್‌ರಿಕ್ವೆಸ್ಟ್ ಬಂದಾಗ ವಿಜೆಟ್ಟನ್ನು ಒಂದು ಕ್ಯೂಇಮೇಜ್ ಮೇಲೆ ರೆಂಡರ್ ಮಾಡಿ, ನಂತರ ಐಟಂನ ಅಪ್‌ಡೇಟ್ ಕರೆಯಿರಿ. ಪೇಂಟ್ ಈವೆಂಟನ್ನೇ ಹಿಡಿಯಲು ಹೋದರೆ ರೆಂಡರ್ ಇನ್ನೊಂದು ಪೇಂಟ್ ಹುಟ್ಟಿಸಿ ಕೊನೆಯಿಲ್ಲದ ಸುತ್ತಿಗೆ ಬೀಳುತ್ತೀರಿ.

ಐಟಂನ ಪೇಂಟ್ ಫಂಕ್ಷನ್ನಿನೊಳಗೆ ನೇರ ವಿಜೆಟ್ಟಿನ ರೆಂಡರ್ ಕರೆಯಲೇಬೇಡಿ. ಪೇಂಟ್ ಓಡುವುದು ರೆಂಡರ್ ಥ್ರೆಡ್ಡಿನಲ್ಲಿ, ವಿಜೆಟ್ ಮುಟ್ಟಬೇಕಾದುದು ಮುಖ್ಯ ಥ್ರೆಡ್ಡಿನಲ್ಲಿ ಮಾತ್ರ. ನಿಮ್ಮ ಯಂತ್ರದಲ್ಲಿ ಒಂದೇ ಥ್ರೆಡ್ಡಿನ ಲೂಪ್ ಇದ್ದರೆ ತಪ್ಪು ಗೊತ್ತೇ ಆಗದು, ಇನ್ನೊಂದು ಯಂತ್ರದಲ್ಲಿ ಕುಸಿಯುತ್ತದೆ. ಪೇಂಟ್‌ನಲ್ಲಿ ಮಾಡಬೇಕಾದುದು ಮೊದಲೇ ಸಿದ್ಧವಾದ ಚಿತ್ರವನ್ನು ಬಿಡಿಸುವುದಷ್ಟೇ, ಆ ಚಿತ್ರಕ್ಕೂ ಒಂದು ಮ್ಯೂಟೆಕ್ಸ್ (ಎರಡು ಥ್ರೆಡ್‌ಗಳು ಒಮ್ಮೆಲೇ ಮುಟ್ಟದಂತೆ ತಡೆಯುವ ಬೀಗ) ಇರಲಿ.

ಅಳತೆ ಬದಲಾದಾಗ ವಿಜೆಟ್ಟನ್ನೂ ರಿಸೈಜ್ ಮಾಡಬೇಕು. ಕ್ಯೂಟಿ 5ರಲ್ಲಿ ಅದಕ್ಕೆ ಜ್ಯಾಮಿಟ್ರಿಚೇಂಜ್ಡ್ ಎಂಬ ವರ್ಚುವಲ್ ಫಂಕ್ಷನ್ ಇತ್ತು, ಕ್ಯೂಟಿ 6ರಲ್ಲಿ ಹೆಸರು ಜ್ಯಾಮಿಟ್ರಿಚೇಂಜ್ ಎಂದಾಗಿದೆ. ಓವರ್‌ರೈಡ್ ಎಂಬ ಪದ ಬರೆಯದೆ ಬಿಟ್ಟಿದ್ದರೆ ಹಳೆಯ ಕೋಡ್ ದೂರಿಲ್ಲದೆ ಕಂಪೈಲ್ ಆಗಿ, ಎಂದೂ ಕರೆಯಲ್ಪಡದೆ ಸುಮ್ಮನೆ ಕೂತಿರುತ್ತದೆ.

ಚಿತ್ರ ಮಸುಕಾಗಿ ಕಂಡರೆ ಡಿವೈಸ್‌ಪಿಕ್ಸೆಲ್‌ರೇಷಿಯೋ, ಅಂದರೆ ಪರದೆಯ ಪಿಕ್ಸೆಲ್ ಅನುಪಾತ, ಮರೆತಿದ್ದೀರಿ. 400×300 ಅಳತೆಯ ವಿಜೆಟ್‌ಗೆ ಅನುಪಾತ 2 ಇರುವ ಪರದೆಯಲ್ಲಿ 800×600 ಚಿತ್ರ ಬೇಕು, ಅದರ ಮೇಲೆ ಅದೇ ಅನುಪಾತವನ್ನೂ ಬರೆದಿರಬೇಕು. ಖರ್ಚಿನ ಲೆಕ್ಕವೂ ಇಲ್ಲೇ ಇದೆ. ಪಿಕ್ಸೆಲ್ಲಿಗೆ 4 ಬೈಟ್. 1920×1080 ಚಿತ್ರ ಸುಮಾರು 8.3 ಎಂಬಿ, ಸೆಕೆಂಡಿಗೆ 60 ಬಾರಿ ಜಿಪಿಯುವಿಗೆ ಏರಿಸಿದರೆ ಸುಮಾರು 500 ಎಂಬಿ. 3840×2160 ಆದರೆ ನಾಲ್ಕು ಪಟ್ಟು, ಸೆಕೆಂಡಿಗೆ ಸುಮಾರು 2 ಜಿಬಿ. ಆಗಾಗ ಬದಲಾಗುವ ಸಣ್ಣ ಫಾರ್ಮಿಗೆ ಇದು ಏನೂ ಅಲ್ಲ. ಸದಾ ಚಲಿಸುವ ದೊಡ್ಡ ಗ್ರಾಫಿಗೆ ಹೊರಲಾರದ ಭಾರ.

ಮೌಸ್ ದಾಟಿಸುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಐಟಂಗೆ ಎಲ್ಲ ಬಟನ್‌ಗಳನ್ನೂ ಹೋವರ್ ಈವೆಂಟ್‌ಗಳನ್ನೂ ಒಪ್ಪಿಕೊಳ್ಳಲು ಹೇಳಿ. ಕ್ಲಿಕ್ ಬಿದ್ದ ಜಾಗದಲ್ಲಿ ಚೈಲ್ಡ್‌ಅಟ್‌ನಿಂದ ಯಾವ ಒಳವಿಜೆಟ್ ಇದೆಯೆಂದು ಹುಡುಕಿ, ಜಾಗವನ್ನು ಅದರ ಲೆಕ್ಕಕ್ಕೆ ತಿರುಗಿಸಿ, ಹೊಸ ಕ್ಯೂಮೌಸ್‌ಈವೆಂಟ್ ಮಾಡಿ ಕಳಿಸಿ. ಮೌಸ್ ಚಲಿಸಿದಾಗಲೆಲ್ಲ ಮತ್ತೆ ಹುಡುಕುವುದು ಸಹಜವೆನಿಸುತ್ತದೆ, ಆದರೆ ಹಾಗೆ ಮಾಡಿದರೆ ಸ್ಕ್ರಾಲ್‌ಬಾರ್ ಕೆಡುತ್ತದೆ. ಬಳಕೆದಾರ ಸ್ಕ್ರಾಲ್‌ಬಾರ್ ಹಿಡಿದು ಎಳೆಯುವಾಗ ಕೈ ಎರಡು ಪಿಕ್ಸೆಲ್ ಪಕ್ಕಕ್ಕೆ ಜಾರಿದರೆ ಈವೆಂಟ್ ಪಕ್ಕದ ಟೇಬಲ್‌ಗೆ ಹೋಗುತ್ತದೆ, ಸ್ಕ್ರಾಲ್ ಅಲ್ಲೇ ನಿಂತು ಸಾಲುಗಳು ಆಯ್ಕೆಯಾಗತೊಡಗುತ್ತವೆ. ಒತ್ತಿದ ಕ್ಷಣದಲ್ಲಿ ಸಿಕ್ಕ ವಿಜೆಟ್ಟನ್ನು ನೆನಪಿಟ್ಟುಕೊಂಡು, ಬಟನ್ ಬಿಡುವ ತನಕ ಎಲ್ಲ ಈವೆಂಟ್‌ಗಳನ್ನೂ ಅದಕ್ಕೇ ಕಳಿಸಿ.

ಇಷ್ಟಾದರೂ ಮುಗಿಯುವುದಿಲ್ಲ. ಹೀಗೆ ಕಳಿಸಿದ ಕ್ಲಿಕ್ ಫೋಕಸ್ ಕೊಡುವುದಿಲ್ಲ, ಸೆಟ್‌ಫೋಕಸ್ ನೀವೇ ಕರೆಯಬೇಕು. ವಿಂಡೋ ಸಕ್ರಿಯವಾಗಿಲ್ಲದ ಕಾರಣ ಟೆಕ್ಸ್ಟ್ ಪೆಟ್ಟಿಗೆಯ ಕರ್ಸರ್ ಮಿನುಗದೆಯೂ ಇರಬಹುದು. ಕೀಲಿಗಳನ್ನು ಬೇರೆ ಲಿಪಿಯ ಅಕ್ಷರಗಳಾಗಿ ಜೋಡಿಸುವ ಇನ್‌ಪುಟ್ ಮೆಥಡ್‌ನ ಈವೆಂಟ್‌ಗಳನ್ನೂ, ಇನ್‌ಪುಟ್‌ಮೆಥಡ್‌ಕ್ವೆರಿಯನ್ನೂ ದಾಟಿಸದಿದ್ದರೆ ಇಂಗ್ಲಿಷ್ ಟೈಪ್ ಆಗುತ್ತದೆ, ಇನ್‌ಪುಟ್ ಮೆಥಡ್ ಬೇಕಾಗುವ ಜಪಾನಿ, ಚೀನಿ, ಭಾರತೀಯ ಲಿಪಿಗಳು ಆಗುವುದಿಲ್ಲ. ಮರೆಯಲ್ಲಿರುವ ವಿಜೆಟ್ ತಾನು ಪರದೆಯ ಎಲ್ಲಿದ್ದೇನೆಂದು ತಿಳಿಯದ್ದರಿಂದ ಅದರ ಕಾಂಬೊಬಾಕ್ಸ್ ಪಟ್ಟಿ ಪರದೆಯ ಮೂಲೆಯಲ್ಲೆಲ್ಲೋ ತೆರೆಯುತ್ತದೆ. ಐಟಂನ ಮ್ಯಾಪ್‌ಟುಗ್ಲೋಬಲ್ ಲೆಕ್ಕ ತೆಗೆದು ವಿಜೆಟ್ಟನ್ನೂ ಅದೇ ಜಾಗಕ್ಕೆ ಮೂವ್ ಮಾಡಿದರೆ ಇದು ಸರಿಹೋಗುತ್ತದೆ. ಲಿನಕ್ಸ್‌ನ ವಿಂಡೋ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಅದೂ ನಂಬಿಕೆಗೆ ಬಾರದು, ಅಲ್ಲಿ ಪ್ರೋಗ್ರಾಂಗೆ ತನ್ನ ವಿಂಡೋ ಪರದೆಯ ಯಾವ ಜಾಗದಲ್ಲಿದೆ ಎಂಬುದನ್ನು ತಿಳಿಸುವುದೇ ಇಲ್ಲ. ಸ್ಕ್ರೀನ್ ರೀಡರ್‌ಗೆ ಇದೆಲ್ಲ ಒಂದು ಚಿತ್ರ ಮಾತ್ರ. ಒಳಗಿರುವ ಬಟನ್, ಪಠ್ಯ ಯಾವುದೂ ಅದಕ್ಕೆ ಕಾಣದು. ಕಣ್ಣು ಕಾಣದ ಬಳಕೆದಾರರು ಇರುವ ಕಡೆ ಇದೊಂದೇ ಕಾರಣಕ್ಕೆ ಈ ದಾರಿಯನ್ನು ಬಿಡಬೇಕು.

ಮಾಡೆಲ್ ಉಳಿಸಿ ಮುಖ ಬದಲಿಸುವುದು

‘ಮತ್ತೆ ಬರೆಯಲಾಗದು’ ಎನ್ನುವ ಮಾತನ್ನು ಒಮ್ಮೆ ತೂಗಿ ನೋಡಿ. ಹಳೆಯ ಟೇಬಲ್ಲಿನ ಜೀವ ಇರುವುದು ಮಾಡೆಲ್‌ನಲ್ಲಿ. ಕ್ಯೂಅಬ್‌ಸ್ಟ್ರಾಕ್ಟ್‌ಐಟಂಮಾಡೆಲ್, ಕ್ಯೂಸಾರ್ಟ್‌ಫಿಲ್ಟರ್‌ಪ್ರಾಕ್ಸಿಮಾಡೆಲ್ ಎರಡೂ ಕ್ಯೂಟಿ ಕೋರ್‌ನವು, ಕ್ಯೂಎಂಎಲ್‌ಗೆ ಇದ್ದ ಹಾಗೇ ಬರುತ್ತವೆ. ಕ್ಯೂಟಿ ಕ್ವಿಕ್‌ಗೆ ಟೇಬಲ್‌ವ್ಯೂ 5.12ರಲ್ಲಿ, ಟ್ರೀವ್ಯೂ 6.3ರಲ್ಲಿ, ಕೋಶ ತಿದ್ದುವ ಎಡಿಟ್‌ಡೆಲಿಗೇಟ್ 6.5ರಲ್ಲಿ ಬಂದಿವೆ. ಕೆಲವು ವರ್ಷಗಳ ಹಿಂದೆ ಅಸಾಧ್ಯವೆಂದು ಬಿಟ್ಟಿದ್ದರೆ ಈಗ ಮತ್ತೊಮ್ಮೆ ಅಂದಾಜು ಮಾಡಬೇಕು.

ಟೇಬಲ್ ಖಾಲಿ ಕಂಡರೆ ಮೊದಲು ಡೆಲಿಗೇಟಿನ ಇಂಪ್ಲಿಸಿಟ್‌ವಿಡ್ತ್ ಮತ್ತು ಇಂಪ್ಲಿಸಿಟ್‌ಹೈಟ್ ನೋಡಿ, ಕಾಲಂ ಅಗಲ ಅಲ್ಲಿಂದ ಬರುತ್ತದೆ. ಯೂಸರ್‌ರೋಲ್‌ನಿಂದ ಮುಂದಿನ ನಿಮ್ಮದೇ ರೋಲ್‌ಗಳಿದ್ದರೆ (ರೋಲ್ ಎಂದರೆ ಒಂದು ಕೋಶ ಕೊಡುವ ಒಂದು ಬಗೆಯ ಮಾಹಿತಿ) ರೋಲ್‌ನೇಮ್ಸ್ ಬರೆಯಬೇಕು. ಬ್ಯಾಕ್‌ಗ್ರೌಂಡ್‌ರೋಲ್‌ಗೆ ಕ್ಯೂಬ್ರಷ್ ಹಿಂದಿರುಗಿಸುವ ಹಳೆಯ ಅಭ್ಯಾಸ ಇಲ್ಲಿ ನಡೆಯದು, ಬಣ್ಣವನ್ನು ಬೇರೆ ರೋಲ್ ಆಗಿ ಕೊಟ್ಟು ಡೆಲಿಗೇಟ್‌ನಲ್ಲಿ ಓದಿಕೊಳ್ಳಿ. ಕ್ಯೂಸ್ಟೈಲ್ಡ್‌ಐಟಂಡೆಲಿಗೇಟ್ ಮಾತ್ರ ಬರುವುದಿಲ್ಲ, ಅದರ ಕೆಲಸವನ್ನು ಕ್ಯೂಎಂಎಲ್‌ನಲ್ಲಿ ಹೊಸದಾಗಿ ಬರೆಯಬೇಕು. ಕೋಡ್ ಎಡಿಟರ್‌ನ ಬಣ್ಣ ಹಚ್ಚುವ ಕ್ಯೂಸಿಂಟ್ಯಾಕ್ಸ್‌ಹೈಲೈಟರ್ ಹಾಗೆಯೇ ಉಳಿಯುತ್ತದೆ: ಟೆಕ್ಸ್ಟ್‌ಏರಿಯಾದ ಟೆಕ್ಸ್ಟ್‌ಡಾಕ್ಯುಮೆಂಟ್ ಗುಣದಿಂದ ಕ್ಯೂಟೆಕ್ಸ್ಟ್‌ಡಾಕ್ಯುಮೆಂಟ್ ಪಡೆದು ಹೈಲೈಟರ್‌ಗೆ ಕೊಟ್ಟರಾಯಿತು. ಕ್ಯೂಓಪನ್‌ಜಿಎಲ್‌ವಿಜೆಟ್‌ಗೆ ಬದಲಾಗಿ 6.7ರಿಂದ ಕ್ಯೂಕ್ವಿಕ್‌ಆರ್‌ಎಚ್‌ಐಐಟಂ ಇದೆ. ವೆಬ್ ಪುಟ ತೋರಿಸುವ ವಿಜೆಟ್‌ಗೆ ವೆಬ್‌ಎಂಜಿನ್‌ವ್ಯೂ ಇದ್ದೇ ಇದೆ. ಆದರೆ ಕ್ಯೂಡಾಕ್‌ವಿಜೆಟ್, ಕ್ಯೂಎಂಡಿಐಏರಿಯಾ, ಮುದ್ರಣದ ಮುನ್ನೋಟ ಇವಕ್ಕೆ ಕ್ಯೂಟಿ ಕ್ವಿಕ್‌ನಲ್ಲಿ ಸರಿಸಾಟಿ ಇಲ್ಲ. ಪ್ರೋಗ್ರಾಂ ಇವುಗಳ ಮೇಲೆ ನಿಂತಿದ್ದರೆ ಮೊದಲ ದಾರಿಗೇ ಮರಳಿ.

ಬೇರೆ ಫ್ರೇಮ್‌ವರ್ಕ್‌ಗಳಲ್ಲಿ ಇದೇ ಪ್ರಶ್ನೆ

ಮೈಕ್ರೋಸಾಫ್ಟ್‌ನ ಯುಐ ಫ್ರೇಮ್‌ವರ್ಕ್ ಆದ ಡಬ್ಲ್ಯೂಪಿಎಫ್‌ನಲ್ಲಿ ಅದಕ್ಕಿಂತ ಹಳೆಯ ವಿನ್‌ಫಾರ್ಮ್ಸ್‌ನ ಕಂಟ್ರೋಲ್ ಕೂರಿಸುವ ವಿಂಡೋಸ್‌ಫಾರ್ಮ್ಸ್‌ಹೋಸ್ಟ್, ನಮ್ಮ ಎರಡನೆಯ ದಾರಿಯ ಜಾತಿ. ಒಂದು ಪಿಕ್ಸೆಲ್ ಒಂದೇ ತಂತ್ರಜ್ಞಾನದ ಸ್ವತ್ತು ಎನ್ನುವ ಆ ಮಿತಿಗೆ ಅಲ್ಲಿ ಏರ್‌ಸ್ಪೇಸ್ ಎಂದೇ ಹೆಸರು. ಸ್ಕ್ರಾಲ್‌ವ್ಯೂಯರ್ ಒಳಗೆ ಇಟ್ಟರೆ ಕಂಟ್ರೋಲ್ ಅಂಚು ದಾಟಿ ಹೊರಗೆ ಇಣುಕುತ್ತದೆ. ಪಾಪ್‌ಅಪ್ ಮಾತ್ರ ತನ್ನದೇ ವಿಂಡೋ ಹೊಂದಿರುವುದರಿಂದ ಮೇಲೆ ಬರುತ್ತದೆ. ದಿಕ್ಕು ತಿರುಗಿಸಲು ಎಲಿಮೆಂಟ್‌ಹೋಸ್ಟ್ ಇದೆ. ವಿನ್‌ಫಾರ್ಮ್ಸ್ ಪ್ರೋಗ್ರಾಂನಿಂದ ಮೋಡಲ್ ಅಲ್ಲದ ಡಬ್ಲ್ಯೂಪಿಎಫ್ ವಿಂಡೋ ತೆರೆದಾಗ ಅಕ್ಷರಗಳು ಟೈಪ್ ಆಗದಿದ್ದರೆ ಎನೇಬಲ್‌ಮೋಡ್‌ಲೆಸ್‌ಕೀಬೋರ್ಡ್‌ಇಂಟರಾಪ್ ಕರೆಯಲು ಮರೆತಿದ್ದೀರಿ.

ಜಾವಾಎಫ್‌ಎಕ್ಸ್ 8ರಲ್ಲಿ ಜಾವಾದ ಹಳೆಯ ಸ್ವಿಂಗ್ ಘಟಕಗಳನ್ನು ಕೂರಿಸುವ ಸ್ವಿಂಗ್‌ನೋಡ್ ಮೂರನೆಯ ಜಾತಿಯದು, ಚಿತ್ರ ಬಿಡಿಸಿ ತೋರಿಸುತ್ತದೆ. ಈವೆಂಟ್ ದಾಟಿಸುವ ಕೆಲಸವನ್ನು ಫ್ರೇಮ್‌ವರ್ಕೇ ಮಾಡಿಕೊಟ್ಟಿದೆ. ಒಳಗೆ ಹೆವಿವೇಟ್ ಕಾಂಪೊನೆಂಟ್ (ತನ್ನದೇ ನೇಟಿವ್ ವಿಂಡೋ ಇರುವಂಥದ್ದು) ಇರಬಾರದು. ಸ್ವಿಂಗ್ ಕಡೆಯ ಕೆಲಸ ಇನ್‌ವೋಕ್‌ಲೇಟರ್‌ನಲ್ಲಿ, ಎಫ್‌ಎಕ್ಸ್ ಕಡೆಯದು ಪ್ಲಾಟ್‌ಫಾರ್ಮ್‌ನ ರನ್‌ಲೇಟರ್‌ನಲ್ಲಿ ನಡೆಯಬೇಕು, ಎರಡನ್ನೂ ಬೆರೆಸಿದರೆ ಆಗಾಗ ಮಾತ್ರ ತಲೆದೋರುವ ತೊಂದರೆಗಳು ಶುರುವಾಗುತ್ತವೆ.

ಕಾಟ್ಲಿನ್ ಭಾಷೆಯ ಯುಐ ಫ್ರೇಮ್‌ವರ್ಕ್ ಆದ ಕಂಪೋಸ್ ಡೆಸ್ಕ್‌ಟಾಪ್‌ನ ಸ್ವಿಂಗ್‌ಪ್ಯಾನೆಲ್ ಮತ್ತೆ ಎಲ್ಲದರ ಮೇಲೆ ಕೂರುವ ಜಾತಿ. ಕಂಪೋಸ್.ಇಂಟರಾಪ್.ಬ್ಲೆಂಡಿಂಗ್ ಎಂಬ ಸಿಸ್ಟಂ ಪ್ರಾಪರ್ಟಿಯನ್ನು ಟ್ರೂ ಮಾಡಿದರೆ ಕಂಪೋಸ್ ಚಿತ್ರ ಅದರ ಮೇಲೆ ಬರಬಲ್ಲದು, ಆದರೆ ಅದು ಪ್ರಯೋಗದ ಹಂತದ ಸೌಲಭ್ಯವಾಗಿ ಬಂದದ್ದು, ಗುರಿಯಿಟ್ಟ ಎಲ್ಲ ವೇದಿಕೆಗಳಲ್ಲೂ ಪರೀಕ್ಷಿಸಿಯೇ ನೆಚ್ಚಿಕೊಳ್ಳಿ. ಹಿಂದಿನ ದಿಕ್ಕಿಗೆ ಕಂಪೋಸ್‌ಪ್ಯಾನೆಲ್.

ಈ ಗುಂಪಿನಲ್ಲಿ ಅದೃಷ್ಟವಂತರು ಆಪಲ್‌ನ ಸ್ವಿಫ್ಟ್‌ಯುಐ ಬಳಸುವವರು. ಮ್ಯಾಕ್‌ನಲ್ಲಿ ಎರಡೂ ಕಡೆಯ ಚಿತ್ರ ಕೋರ್ ಆನಿಮೇಷನ್ ಪದರಗಳಾಗಿ ಬೆರೆಯುವುದರಿಂದ ಏರ್‌ಸ್ಪೇಸ್ ಜಗಳವೇ ಇಲ್ಲ. 2019ರಲ್ಲಿ ಮ್ಯಾಕ್ಒಎಸ್ 10.15 ಜೊತೆ ಬಂದ ಎನ್‌ಎಸ್‌ವ್ಯೂರೆಪ್ರೆಸೆಂಟಬಲ್ ಸಾಕು, ಮ್ಯಾಕ್‌ನ ಹಳೆಯ ಎನ್‌ಎಸ್‌ವ್ಯೂ ಘಟಕವನ್ನು ಒಳಗೆ ತರುವುದು ಅದೇ. ಅಲ್ಲಿ ತೊಡಕು ಬೇರೆ ಕಡೆ. ಅಪ್‌ಡೇಟ್‌ಎನ್‌ಎಸ್‌ವ್ಯೂ ಮತ್ತೆ ಮತ್ತೆ ಕರೆಯಲ್ಪಡುತ್ತದೆ. ಪ್ರತಿ ಸಲ ಟೆಕ್ಸ್ಟ್‌ವ್ಯೂಗೆ ಪಠ್ಯವನ್ನು ಹಾಕಿದರೆ ಬಳಕೆದಾರ ಪದದ ನಡುವೆ ತಿದ್ದುತ್ತಿರುವಾಗಲೇ ಕರ್ಸರ್ ಕೊನೆಗೆ ಹಾರುತ್ತದೆ. ಈಗಿರುವ ಪಠ್ಯ ಹೊಸದಕ್ಕಿಂತ ಬೇರೆಯಿದ್ದರೆ ಮಾತ್ರ ಬರೆಯಿರಿ. ಅದೇ ಫಂಕ್ಷನ್ನಿನೊಳಗಿಂದ ಸ್ಟೇಟ್ ಬದಲಿಸಿದರೆ, ವ್ಯೂ ಅಪ್‌ಡೇಟ್ ನಡೆಯುವಾಗ ಸ್ಟೇಟ್ ಬದಲಿಸುತ್ತಿದ್ದೀರಿ ಎಂಬ ಎಚ್ಚರಿಕೆ ಬರುತ್ತದೆ. ಬದಲಾವಣೆಗಳನ್ನು ಕೋಆರ್ಡಿನೇಟರ್‌ನ ಡೆಲಿಗೇಟ್ ಫಂಕ್ಷನ್‌ಗಳಿಂದ ಕಳಿಸಿ.

ಒಪ್ಪಿಕೊಳ್ಳುವ ಮೊದಲ ಪರೀಕ್ಷೆ

ಯಾವ ದಾರಿ ಹಿಡಿದರೂ, ಇಡೀ ಪ್ರೋಗ್ರಾಂ ಕಟ್ಟುವ ಮುನ್ನ ಒಂದೇ ವಿಜೆಟ್ ಇಟ್ಟು ಅರ್ಧ ಗಂಟೆ ಹಿಂಸೆ ಕೊಡಿ. ಬೇರೆ ಸ್ಕೇಲ್ ಇರುವ ಇನ್ನೊಂದು ಮಾನಿಟರಿಗೆ ವಿಂಡೋ ಎಳೆಯಿರಿ. ಮೂಲೆ ಹಿಡಿದು ಬೇಗಬೇಗ ಹಿಗ್ಗಿಸಿ, ಕುಗ್ಗಿಸಿ, ಅಂಚಿನಲ್ಲಿ ಕಪ್ಪು ಪಟ್ಟೆ ಮಿಂಚುತ್ತದೆಯೇ ನೋಡಿ. ಪರದೆಯ ತಳದ ಅಂಚಿಗೆ ಹತ್ತಿರದಲ್ಲಿ ಕಾಂಬೊಬಾಕ್ಸ್ ತೆರೆಯಿರಿ. ಟ್ಯಾಬ್ ಇಪ್ಪತ್ತು ಸಲ ಮುಂದಕ್ಕೆ, ಶಿಫ್ಟ್ ಹಿಡಿದು ಇಪ್ಪತ್ತು ಸಲ ಹಿಂದಕ್ಕೆ ಒತ್ತಿ. ಇನ್‌ಪುಟ್ ಮೆಥಡ್ ಹಾಕಿ ಒಂದು ಸಾಲು ಟೈಪ್ ಮಾಡಿ. ಸ್ಕ್ರೀನ್ ರೀಡರ್ ಚಾಲೂ ಮಾಡಿ ಬಟನ್‌ಗಳ ಹೆಸರು ಕೇಳಿಸುತ್ತವೆಯೇ ಗಮನಿಸಿ. ಕೊನೆಗೆ ವಿಜೆಟ್ಟಿನ ಒಳಗಿನ ಡೈಲಾಗ್ ತೆರೆದಿರುವಾಗಲೇ ಹೊರಗಿನ ವಿಂಡೋ ಮುಚ್ಚಿ. ಕಂಟೇನರ್, ವಿಜೆಟ್, ಎಂಜಿನ್ ಅಳಿಸುವ ಕ್ರಮ ತಪ್ಪಿದ್ದರೆ ಕ್ರ್ಯಾಶ್ ಆಗುವುದು ಈ ಕ್ಷಣದಲ್ಲೇ.